ಕೀನ್ಯಾ ಸಫಾರಿ: ಮೊದಲು ಲಸಿಕೆ, ಆಮೇಲೆ ಮುಂಗಡ

ಪ್ರಶ್ನೆ: ನಾನು ಗದಗಿನವನು. ಬ್ಯಾಂಕಿನಿಂದ ನಿವೃತ್ತನಾಗಿ ನಾಲ್ಕು ವರ್ಷವಾಯಿತು, ಈಗ 64. ಹೆಂಡತಿಗೆ 58, ಸಕ್ಕರೆ ಕಾಯಿಲೆ ಇದೆ. ಮಗ, ಸೊಸೆ, ಏಳು ವರ್ಷದ ಮೊಮ್ಮಗಳ ಜೊತೆ ಕೀನ್ಯಾಗೆ ಸಫಾರಿಗೆ ಹೋಗುವ ಆಸೆ. ಏಜೆಂಟರೊಬ್ಬರು ಏಪ್ರಿಲ್ ಕೊನೆಗೆ ಆರು ರಾತ್ರಿಯ ಪ್ಯಾಕೇಜ್ ಹೇಳಿದ್ದಾರೆ. ಅಂಬೋಸೆಲಿ, ನೈವಾಶಾ, ನಕುರು, ಮಸಾಯಿ ಮಾರಾ ನಾಲ್ಕೂ ಅದರಲ್ಲಿವೆ. 'ಬಿಗ್ ಫೈವ್ ಗ್ಯಾರಂಟಿ', ಅಂದರೆ ಹೆಸರಾದ ಐದು ಪ್ರಾಣಿಗಳೂ ಕಂಡೇ ಕಾಣುತ್ತವೆ ಅನ್ನುತ್ತಾರೆ. ಮಗನಿಗೆ ಓಲ್ ಪೆಜೆಟಾ ಕನ್ಸರ್ವೆನ್ಸಿ, ಅಂದರೆ ಸರ್ಕಾರಿ ಪಾರ್ಕಲ್ಲದ ವನ್ಯಜೀವಿ ತಾಣ, ನೋಡುವ ಹಟ. ಆದರೆ ಸ್ನೇಹಿತರೊಬ್ಬರು, ಕನ್ಸರ್ವೆನ್ಸಿ ಅಂದರೆ ಬೇಲಿ ಹಾಕಿದ ದೊಡ್ಡ ಝೂ, ಪ್ರಾಣಿಗಳಿಗೆ ಊಟ ಹಾಕಿ ಸಾಕಿರುತ್ತಾರೆ, ದುಡ್ಡು ದಂಡ ಅಂದರು. ಹಳದಿ ಜ್ವರದ ಲಸಿಕೆ ನನ್ನ ವಯಸ್ಸಿನವರಿಗೆ ಅಪಾಯ ಅಂತಲೂ ಕೇಳಿದೆ. ನಾವು ಸಸ್ಯಾಹಾರಿಗಳು. ಟೆಂಟಿನಲ್ಲಿ ಮಲಗುವುದು ಕ್ಷೇಮವೇ? ಕೊನೆಗೆ ಮೊಮ್ಮಗಳ ಪ್ರಶ್ನೆ: ಅಲ್ಲಿ ಹುಲಿ ಇದೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಎರಡು ಚಿಂತೆ. ಇಷ್ಟು ದುಡ್ಡು ಖರ್ಚು ಮಾಡಿ ಮೋಸ ಹೋಗಬಾರದು. ಮನೆಮಂದಿಯನ್ನೆಲ್ಲ ಅಷ್ಟು ದೂರ ಕರೆದುಕೊಂಡು ಹೋಗಿ ಯಾರ ಆರೋಗ್ಯವೂ ಕೆಡಬಾರದು. ಎರಡೂ ಸರಿಯಾದ ಚಿಂತೆಗಳೇ. ಹಲವು ವರ್ಷಗಳಿಂದ ನಮ್ಮ ಕಡೆಯ ಕುಟುಂಬಗಳನ್ನು ಕೀನ್ಯಾಗೆ ಕರೆದೊಯ್ಯುವ ಕೆಲಸ ನನ್ನದು. ಆ ಅನುಭವದಿಂದ ಒಂದು ಮಾತು ಮೊದಲೇ ಹೇಳುತ್ತೇನೆ. ಲಸಿಕೆಯ ವಿಷಯ ತೀರ್ಮಾನ ಆಗುವವರೆಗೆ ಯಾರಿಗೂ ಮುಂಗಡ ಕೊಡಬೇಡಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹಳದಿ ಜ್ವರದ ಲಸಿಕೆಯನ್ನು ಕೇಳುವುದು ಕೀನ್ಯಾ ಅಂತ ಎಷ್ಟೋ ಜನ ತಿಳಿದಿದ್ದಾರೆ. ನಮ್ಮ ಮಟ್ಟಿಗೆ ಅದನ್ನು ಕಟ್ಟುನಿಟ್ಟಾಗಿ ಕೇಳುವುದು ಭಾರತ, ಅದೂ ವಾಪಸ್ ಬರುವಾಗ. ಕಾರಣ ಸರಳ. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಹಳದಿ ಜ್ವರವನ್ನೂ ಹರಡುತ್ತದೆ. ಆ ಸೊಳ್ಳೆ ನಮ್ಮ ಊರುಗಳಲ್ಲಿ ಬೇಕಾದಷ್ಟಿದೆ. ಕಾಯಿಲೆ ಮಾತ್ರ ನಮ್ಮಲ್ಲಿ ಇಲ್ಲ. ಒಬ್ಬ ಪ್ರಯಾಣಿಕ ಅದನ್ನು ಮೈಯಲ್ಲಿ ಹೊತ್ತು ತಂದರೆ ಹರಡಲು ಎಲ್ಲವೂ ಇಲ್ಲಿ ತಯಾರಾಗಿದೆ. ಅದಕ್ಕೇ ಕೀನ್ಯಾದಂಥ ದೇಶದಿಂದ ಬರುವವರ ಹತ್ತಿರ ಸರ್ಟಿಫಿಕೇಟ್ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಸರ್ಟಿಫಿಕೇಟಿಗೆ ಬೆಲೆ. ಒಮ್ಮೆ ತೆಗೆದುಕೊಂಡರೆ ಜೀವನ ಪೂರ್ತಿ ನಡೆಯುತ್ತದೆ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ, ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಬೇಕು. ದಿನ ಮೊದಲೇ ಗೊತ್ತು ಮಾಡಿಕೊಳ್ಳಿ, ಕೊನೆಯ ವಾರಕ್ಕೆ ಬಿಡಬೇಡಿ.

ಈಗ ನಿಮ್ಮ ವಯಸ್ಸಿನ ಮಾತು. ನೀವು ಕೇಳಿದ್ದು ಸುಳ್ಳಲ್ಲ. ಇದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. 60 ದಾಟಿದ ಮೇಲೆ ಮೊದಲ ಸಲ ತೆಗೆದುಕೊಳ್ಳುವವರಲ್ಲಿ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಚಿಕ್ಕವರಿಗಿಂತ ಹೆಚ್ಚು. ಹಾಗಂತ 60 ದಾಟಿದವರು ತೆಗೆದುಕೊಳ್ಳಲೇಬಾರದು ಅಂತ ಅರ್ಥವಲ್ಲ. ಅಡ್ಡಪರಿಣಾಮ ತುಂಬಾ ಅಪರೂಪ. ನನ್ನ ಜೊತೆ ಬಂದ ಹಿರಿಯರಲ್ಲಿ ಹೆಚ್ಚಿನವರು ತೆಗೆದುಕೊಂಡೇ ಬಂದಿದ್ದಾರೆ. ಆದರೆ ನಿರ್ಧಾರ ನಿಮ್ಮದೂ ನಿಮ್ಮ ವೈದ್ಯರದೂ ಆಗಬೇಕು, ಏಜೆಂಟರದ್ದಲ್ಲ. ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ, ಸ್ಟೀರಾಯ್ಡ್, ಕ್ಯಾನ್ಸರ್ ಚಿಕಿತ್ಸೆ, ಥೈಮಸ್ ಗ್ರಂಥಿಯ ತೊಂದರೆ, ಮೊಟ್ಟೆಯ ತೀವ್ರ ಅಲರ್ಜಿ, ಇದರಲ್ಲಿ ಯಾವುದಿದ್ದರೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ನಿಮ್ಮ ಶ್ರೀಮತಿಯವರ ಸಕ್ಕರೆ ಕಾಯಿಲೆಯೊಂದೇ ಈ ಲಸಿಕೆಗೆ ಅಡ್ಡಿ ಅಲ್ಲ. ಮೊಮ್ಮಗಳ ವಯಸ್ಸಿಗೂ ತೊಂದರೆ ಇಲ್ಲ.

ವೈದ್ಯರು ನಿಮಗೆ ಬೇಡ ಅಂದರೆ? ವಿನಾಯಿತಿ ಪತ್ರ ಬರೆದುಕೊಡುತ್ತಾರೆ. ಆದರೆ ಆ ಪತ್ರ ಇದ್ದ ಮಾತ್ರಕ್ಕೆ ಕ್ವಾರಂಟೈನ್ ತಪ್ಪೇ ತಪ್ಪುತ್ತದೆ ಅಂತ ನಂಬಬೇಡಿ. ನೀವು ಬಂದಿಳಿಯುವ ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಗಳನ್ನು ಹೊರಡುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ಮಲೇರಿಯಾ ಬೇರೆ ವಿಷಯ. ಓಲ್ ಪೆಜೆಟಾ ಇರುವ ಲೈಕಿಪಿಯಾ ಎತ್ತರದ ಪ್ರದೇಶ, ಅಲ್ಲಿ ಅಪಾಯ ಕಡಿಮೆ. ಮಾರಾ ಕಡೆ ಇದೆ. ಯಾವ ಮಾತ್ರೆ, ಎಷ್ಟು ದಿನ ಅಂತ ಅದೇ ಭೇಟಿಯಲ್ಲಿ ಕೇಳಿಬಿಡಿ.

ಎರಡನೆಯದು ತಿಂಗಳು. ನಮ್ಮ ಶಾಲೆಗಳಿಗೆ ಏಪ್ರಿಲ್-ಮೇ ರಜೆ, ಅದಕ್ಕೇ ಏಜೆಂಟರು ಆ ತಿಂಗಳು ಹೇಳಿದ್ದಾರೆ. ಆದರೆ ಕೀನ್ಯಾದಲ್ಲಿ ಮಾರ್ಚ್ ಮಧ್ಯದಿಂದ ಮೇವರೆಗೆ ದೊಡ್ಡ ಮಳೆ. ಮಾರಾದ ನೆಲ ಬಹುಪಾಲು ಎರೆ ಮಣ್ಣು. ಗದಗಿನವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ ಅಲ್ವಾ? ಮಳೆ ಬಿದ್ದ ಎರೆ ಹೊಲದಲ್ಲಿ ವ್ಯಾನು ಓಡಿಸಿದ ಹಾಗೆ ಇರುತ್ತದೆ. ಕಡಿಮೆ ದರದ ಪ್ಯಾಕೇಜುಗಳಲ್ಲಿ ಚಾವಣಿ ಎತ್ತುವ ಮಿನಿವ್ಯಾನ್ ಕೊಡುತ್ತಾರೆ. ಮಳೆ ಇಲ್ಲದ ತಿಂಗಳುಗಳಲ್ಲಿ ಅದು ನಡೆಯುತ್ತದೆ. ಏಪ್ರಿಲ್‌ನಲ್ಲಿ ಹೂತುಕೊಂಡರೆ ಅರ್ಧ ದಿನ ಹೋಯಿತು. ಹುಲ್ಲೂ ಎತ್ತರ ಬೆಳೆದಿರುತ್ತದೆ, ಮಲಗಿದ ಸಿಂಹ ಕಾಣುವುದಿಲ್ಲ. ಏಪ್ರಿಲ್‌ನಲ್ಲಿ ದರ ಇಳಿದಿರುತ್ತದೆ, ಜನ ಕಡಿಮೆ, ನೆಲ ಹಸಿರು, ಇದೂ ನಿಜ. ಮತ್ತೆ ಮತ್ತೆ ಹೋಗುವವರಿಗೆ, ಫೋಟೋ ತೆಗೆಯುವವರಿಗೆ ಅದು ಇಷ್ಟವಾಗಬಹುದು. ಒಂದೇ ಸಲ ಹೋಗುವ ನಿಮಗೆ ನಾನು ಹೇಳಲಾರೆ.

ನಿಮಗೆ ದಸರಾ ರಜೆ ಒಳ್ಳೆಯದು. ವೈಲ್ಡ್‌ಬೀಸ್ಟ್ ಅನ್ನುವ ದೊಡ್ಡ ಹುಲ್ಲೆಗಳ ಹಿಂಡುಗಳು ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ಮಾರಾ ಕಡೆ ಇರುತ್ತವೆ. ಹನ್ನೆರಡು ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಮಳೆ ಮತ್ತು ಹೊಸ ಹುಲ್ಲಿನ ಹಿಂದೆ ಪಕ್ಕದ ತಾಂಜಾನಿಯಾದ ಸೆರೆಂಗೆಟಿಯಿಂದ ಸುತ್ತಿ ಬರುತ್ತವೆ. ಅಕ್ಟೋಬರ್‌ನಲ್ಲಿ ಅವು ವಾಪಸ್ ತಿರುಗುತ್ತಿರುತ್ತವೆ, ಹುಲ್ಲು ಗಿಡ್ಡವಾಗಿರುತ್ತದೆ, ಸಣ್ಣ ಮಳೆ ಸಾಮಾನ್ಯವಾಗಿ ನವೆಂಬರ್‌ಗೆ ಬರುತ್ತದೆ. ಹಿಂಡುಗಳು ಮಾರಾ ನದಿ ದಾಟುವುದನ್ನು ನೋಡುತ್ತೀರಿ ಅಂತ ಮಾತ್ರ ಯಾರಿಗೂ ಮಾತು ಕೊಡುವುದಕ್ಕಾಗದು. ದಡದಲ್ಲಿ ನಾಲ್ಕು ಗಂಟೆ ಕಾದು, ಹಿಂಡು ನೀರಿನ ಅಂಚಿಗೆ ಬಂದು, ಹಾಗೇ ತಿರುಗಿ ಹೋದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ನಿಮ್ಮ ಸ್ನೇಹಿತರ 'ದೊಡ್ಡ ಝೂ' ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಕನ್ಸರ್ವೆನ್ಸಿ ಅನ್ನುವ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ವ್ಯವಸ್ಥೆಗಳಿವೆ.

ಬಂಡೀಪುರ, ನಾಗರಹೊಳೆ ನೋಡಿದ ನಮಗೆ ಕಾಡು ಅಂದರೆ ಅರಣ್ಯ ಇಲಾಖೆಯ ಜಾಗ. ಕೀನ್ಯಾದಲ್ಲಿ ಹಾಗಲ್ಲ. ಅಲ್ಲಿನ ಕಾಡುಪ್ರಾಣಿಗಳಲ್ಲಿ ಹೆಚ್ಚಿನ ಪಾಲು ಬದುಕುವುದು ಸರ್ಕಾರಿ ಪಾರ್ಕುಗಳ ಹೊರಗೆ, ಜನರ ಜಮೀನಿನಲ್ಲಿ, ದನಕುರಿಗಳ ನಡುವೆ. ಮಾರಾವನ್ನೇ ತೆಗೆದುಕೊಳ್ಳಿ. ನರೋಕ್ ಕೌಂಟಿಗೆ, ಅಂದರೆ ಅಲ್ಲಿನ ಜಿಲ್ಲಾಡಳಿತಕ್ಕೆ, ಸೇರಿದ ಮಾರಾ ರಿಸರ್ವ್ (ರಕ್ಷಿತ ಪ್ರದೇಶ) ಸುಮಾರು 1,500 ಚದರ ಕಿಲೋಮೀಟರ್. ಅದರ ಪಕ್ಕದ ಬಯಲು ದನ ಸಾಕುವ ಮಸಾಯಿ ಸಮುದಾಯದ ಕುಟುಂಬಗಳದ್ದು. ಮೊದಲು ಆ ಜಮೀನು ಗುಂಪಿನ ಹೆಸರಿನಲ್ಲಿತ್ತು, ಆಮೇಲೆ ಒಬ್ಬೊಬ್ಬರ ಹೆಸರಿಗೆ ಪಾಲಾಯಿತು. ಪಾಲಾದ ಮೇಲೆ ಬೇಲಿ ಬರುತ್ತದೆ, ಉಳುಮೆ ಬರುತ್ತದೆ, ಮಾರಾಟ ಬರುತ್ತದೆ. ಹಾಗಾದರೆ ಜೀಬ್ರಾ, ವೈಲ್ಡ್‌ಬೀಸ್ಟ್, ಆನೆ ಓಡಾಡುವ ದಾರಿ ಮುಚ್ಚಿಹೋಗುತ್ತದೆ. ಇದನ್ನು ತಡೆಯಲು ನೂರಾರು ಜಮೀನುದಾರರು ತಮ್ಮ ಪಾಲುಗಳನ್ನು ಒಟ್ಟಿಗೆ ಸೇರಿಸಿ ಕ್ಯಾಂಪ್ ನಡೆಸುವವರಿಗೆ ಗುತ್ತಿಗೆ ಕೊಟ್ಟರು. ಪ್ರತಿ ಕುಟುಂಬಕ್ಕೂ ಬಾಡಿಗೆ ಬರುತ್ತದೆ. ಓಲ್ ಕಿನ್ಯೆ, ಮಾರಾ ನಾರ್ತ್, ಓಲಾರೆ ಮೊಟೊರೊಗಿ, ನಬೋಯಿಶೋ ಕನ್ಸರ್ವೆನ್ಸಿಗಳು ಹೀಗೆ ಹುಟ್ಟಿದವು. ಇಲ್ಲಿ ರಿಸರ್ವ್‌ಗೂ ಕನ್ಸರ್ವೆನ್ಸಿಗೂ ನಡುವೆ ಬೇಲಿಯೇ ಇಲ್ಲ. ಸಿಂಹ ಬೆಳಿಗ್ಗೆ ಆ ಕಡೆ, ಸಂಜೆ ಈ ಕಡೆ. ಯಾರೂ ಊಟ ಹಾಕುವುದಿಲ್ಲ. ಮಸಾಯಿ ದನಗಳು ಸರದಿಯ ಪ್ರಕಾರ ಅಲ್ಲೇ ಮೇಯುತ್ತವೆ. ನೀವು ದನದ ಮಂದೆ ನೋಡಿ 'ಇದೇನು ಕಾಡು' ಅಂದುಕೊಳ್ಳಬೇಡಿ. ಆ ದನಗಳಿಗೆ ಜಾಗ ಇರುವುದರಿಂದಲೇ ಆ ಒಪ್ಪಂದ ಉಳಿದಿದೆ.

ಓಲ್ ಪೆಜೆಟಾ ಬೇರೆ ಥರದ್ದು. ಮೌಂಟ್ ಕೀನ್ಯಾ ಬುಡದ ನನ್ಯುಕಿ ಪಟ್ಟಣದ ಹತ್ತಿರ, ಸುಮಾರು 90,000 ಎಕರೆ. ಹಿಂದೆ ಅದು ದನ ಸಾಕುವ ರಾಂಚ್. ಈಗ ಲಾಭಕ್ಕಲ್ಲದ ಸಂಸ್ಥೆಯಾಗಿ ನಡೆಯುತ್ತದೆ, ಇವತ್ತಿಗೂ ಬೋರಾನ್ ತಳಿಯ ದನಗಳಿವೆ. ನಿಮ್ಮ ಸ್ನೇಹಿತರು ಹೇಳಿದ ಬೇಲಿ ಇಲ್ಲಿ ಇದೆ, ವಿದ್ಯುತ್ ಬೇಲಿ. ಅದು ಇರುವುದು ಮುಖ್ಯವಾಗಿ ಘೇಂಡಾಮೃಗಗಳ ರಕ್ಷಣೆಗೆ. ಕೊಂಬಿಗಾಗಿ ಕೊಲ್ಲುವವರಿಂದ ಅವನ್ನು ಉಳಿಸುವುದು ಬೇಲಿ ಮತ್ತು ಕಾವಲು ಇಲ್ಲದೆ ಆಗದ ಕೆಲಸ. ಆದರೆ ಬೇಲಿಯ ಉತ್ತರ ಭಾಗದಲ್ಲಿ ಉದ್ದೇಶಪೂರ್ವಕವಾಗಿ ದಾರಿಗಳನ್ನು ಬಿಟ್ಟಿದ್ದಾರೆ. ಅಲ್ಲಿ ಗಿಡ್ಡ ಕಂಬಗಳನ್ನು ಒತ್ತೊತ್ತಾಗಿ ನೆಟ್ಟಿದ್ದಾರೆ. ಆನೆ, ಜೀಬ್ರಾ, ಸಿಂಹ ಅದನ್ನು ದಾಟಿ ಹೋಗುತ್ತವೆ. ಗಿಡ್ಡ ಕಾಲಿನ, ದಪ್ಪ ಮೈಯ ಘೇಂಡಾಮೃಗಕ್ಕೆ ದಾಟಲು ಆಗುವುದಿಲ್ಲ. ಅಷ್ಟು ಸರಳ ಉಪಾಯ. ಮೊದಲ ಸಲ ನೋಡಿದಾಗ ನಾನು ಅಲ್ಲೇ ತುಂಬಾ ಹೊತ್ತು ನಿಂತಿದ್ದೆ.

ಊಟ ಹಾಕಿ ಸಾಕುವ ಪ್ರಾಣಿಗಳೂ ಅಲ್ಲಿವೆ, ಅದನ್ನು ಮುಚ್ಚಿಡುವುದಿಲ್ಲ. 1993ರಿಂದ ಅಲ್ಲೊಂದು ಚಿಂಪಾಂಜಿ ಆಶ್ರಯಧಾಮ ಇದೆ. ಕೀನ್ಯಾದ ಕಾಡಿನಲ್ಲಿ ಚಿಂಪಾಂಜಿಗಳಿಲ್ಲ. ಬೇರೆ ಕಡೆ ಬೋನಿನಲ್ಲೋ ಸರಪಳಿಯಲ್ಲೋ ಇದ್ದವನ್ನು ಬಿಡಿಸಿ ತಂದು ಇಟ್ಟಿದ್ದಾರೆ. ಇನ್ನೊಂದು, ನಜಿನ್ ಮತ್ತು ಫಾತು. ಉತ್ತರದ ಬಿಳಿ ಘೇಂಡಾಮೃಗ ಅನ್ನುವ ಬಗೆಯಲ್ಲಿ ಭೂಮಿಯ ಮೇಲೆ ಉಳಿದಿರುವುದು ಈ ಇಬ್ಬರೇ, ತಾಯಿ ಮತ್ತು ಮಗಳು. 2009ರ ಡಿಸೆಂಬರ್‌ನಲ್ಲಿ ಜೆಕ್ ದೇಶದ ಝೂ ಒಂದರಿಂದ ನಾಲ್ಕು ಪ್ರಾಣಿಗಳನ್ನು ಇಲ್ಲಿಗೆ ತಂದರು. ಅದರಲ್ಲಿ ಕೊನೆಯ ಗಂಡು ಸುಡಾನ್ 2018ರ ಮಾರ್ಚ್‌ನಲ್ಲಿ ತೀರಿಕೊಂಡ. ಈಗ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸಿ, ದಕ್ಷಿಣದ ಬಿಳಿ ಘೇಂಡಾಮೃಗದ ಹೊಟ್ಟೆಯಲ್ಲಿಟ್ಟು ಈ ಬಗೆಯನ್ನು ಉಳಿಸುವ ಪ್ರಯತ್ನದಲ್ಲಿದ್ದಾರೆ. ತಾಯಿ ಮಗಳು ಬೇರೆ ಆವರಣದಲ್ಲಿದ್ದಾರೆ, ಹಗಲೂ ರಾತ್ರಿ ಬಂದೂಕು ಹಿಡಿದ ಕಾವಲು. ಹತ್ತಿರದಿಂದ ನೋಡಲು ಬೇರೆ ಟಿಕೆಟ್, ಮೊದಲೇ ಬುಕ್ ಮಾಡಬೇಕು. ನಾನು ಕರೆದುಕೊಂಡು ಹೋದ ಮಕ್ಕಳಲ್ಲಿ ಹಲವರಿಗೆ ಸಿಂಹಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದದ್ದು ಇವರಿಬ್ಬರೇ.

ಅಂದರೆ ನಿಮ್ಮ ಸ್ನೇಹಿತರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಆದರೆ ತೀರ್ಮಾನ ತಪ್ಪು. ಓಲ್ ಪೆಜೆಟಾದ ಸಿಂಹ ತನ್ನ ಬೇಟೆ ತಾನೇ ಆಡುತ್ತದೆ. ಕೀನ್ಯಾದಲ್ಲಿ 1977ರಿಂದ ಮೋಜಿನ ಬೇಟೆಗೆ ನಿಷೇಧವಿದೆ, ಹಾಗಾಗಿ ನೀವು ಕೊಡುವ ದುಡ್ಡು ಗೊತ್ತಿಲ್ಲದೆ ಬೇಟೆಯವರಿಗೆ ಹೋಗುತ್ತದೆ ಅನ್ನುವ ಭಯವೂ ಬೇಡ.

ದುಡ್ಡಿನ ವಿಷಯಕ್ಕೆ ಬರೋಣ. ಮಾರಾ ಕನ್ಸರ್ವೆನ್ಸಿಗಳು ದುಬಾರಿ, ಅದರಲ್ಲಿ ಎರಡು ಮಾತಿಲ್ಲ. ಎಷ್ಟು ಎಕರೆಗೆ ಒಂದು ಟೆಂಟ್ ಅಂತ ಮಿತಿ ಇಟ್ಟಿದ್ದಾರೆ. ಒಂದು ಪ್ರಾಣಿಯ ಸುತ್ತ ಬೆರಳೆಣಿಕೆಯ ಜೀಪಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಜನ ಕಡಿಮೆ ಅಂದಮೇಲೆ ತಲಾ ಖರ್ಚು ಜಾಸ್ತಿ. ಬದಲಿಗೆ ರಾತ್ರಿ ಸಫಾರಿ ಸಿಗುತ್ತದೆ, ದಾರಿ ಬಿಟ್ಟು ಹುಲ್ಲಿನೊಳಗೆ ಇಳಿಯಬಹುದು. ರಿಸರ್ವ್‌ನಲ್ಲಿ ಇವೆರಡಕ್ಕೂ ಅವಕಾಶವಿಲ್ಲ. ರಿಸರ್ವ್‌ನಲ್ಲಿ ಒಂದು ಚೀತಾ ಸುತ್ತ ಇಪ್ಪತ್ತು ಗಾಡಿ ನಿಂತದ್ದನ್ನು ನೋಡಿ ನನಗೆ ಆ ಪ್ರಾಣಿಯ ಮುಖ ನೋಡಲು ಸಂಕಟವಾಗಿದೆ.

ಇಲ್ಲಿ ಒಂದು ಎಚ್ಚರ. ಮಾರಾದ ಹೆಚ್ಚಿನ ಕನ್ಸರ್ವೆನ್ಸಿಗಳೊಳಗೆ ಅಲ್ಲಿನ ಕ್ಯಾಂಪಿನಲ್ಲಿ ಉಳಿದವರಿಗೆ ಮಾತ್ರ ಪ್ರವೇಶ. 'ಹೊರಗೆ ಅಗ್ಗದ ಹೋಟೆಲಲ್ಲಿ ಉಳಿಸಿ ಒಳಗೆ ಸುತ್ತಿಸ್ತೀವಿ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಓಲ್ ಪೆಜೆಟಾದಲ್ಲಿ ಹಾಗಲ್ಲ, ದಿನದ ಟಿಕೆಟ್ ಇದೆ. ನನ್ಯುಕಿಯಲ್ಲಿ ಉಳಿದು ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಖರ್ಚು ಕಡಿಮೆ ಮಾಡಬೇಕಾದರೆ ಅದೇ ದಾರಿ. ಇನ್ನೊಂದು ವಿಷಯ, ನದಿ ದಾಟುವ ಜಾಗಗಳು ಬಹುಪಾಲು ರಿಸರ್ವ್‌ನಲ್ಲಿವೆ. ಕನ್ಸರ್ವೆನ್ಸಿಯಲ್ಲಿ ಉಳಿದವರು ಅಲ್ಲಿಗೆ ಹೋಗಲು ಬೇರೆ ಪ್ರವೇಶ ಶುಲ್ಕ ಕಟ್ಟಬೇಕು. 2024ರಿಂದ ಅದು ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಪ್ಯಾಕೇಜಿನ ಮೊತ್ತದಲ್ಲಿ ಇದು ಸೇರಿದೆಯೋ ಇಲ್ಲವೋ ಕೇಳಿ, ಆಗಿನ ದರವನ್ನೂ ನೋಡಿಕೊಳ್ಳಿ. ಜಗಳಗಳು ಹೆಚ್ಚಾಗಿ ಇಲ್ಲೇ ಹುಟ್ಟುವುದು.

ಏಜೆಂಟರ ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಆರು ರಾತ್ರಿಗೆ ನಾಲ್ಕು ಜಾಗ ಬೇಡ. ಅಂಬೋಸೆಲಿ ದಕ್ಷಿಣದ ಗಡಿಯಲ್ಲಿದೆ. ಅಲ್ಲಿಂದ ನೈವಾಶಾಗೆ ಮತ್ತೆ ನೈರೋಬಿ ಹಾದು ಬರಬೇಕು. ನಕುರುವಿನಿಂದ ಮಾರಾಗೆ ಇನ್ನೊಂದು ಅರ್ಧ ದಿನ. ಒಂದು ದಿನ ಬಿಟ್ಟು ಒಂದು ದಿನ ರಸ್ತೆಯಲ್ಲೇ ಕಳೆಯುತ್ತೀರಿ. ಮೊದಮೊದಲು ನಾನೂ ಹೀಗೇ ಯೋಜನೆ ಹಾಕುತ್ತಿದ್ದೆ, ನಾಲ್ಕು ಹೆಸರು ಇದ್ದರೆ ಜನರಿಗೆ ಖುಷಿ ಅಂತ. ಒಂದು ಪ್ರವಾಸದಲ್ಲಿ ಅಜ್ಜಿಯೊಬ್ಬರಿಗೆ ಮೂರನೇ ದಿನಕ್ಕೆ ಸೊಂಟ ಹಿಡಿದು, ಮಾರಾ ತಲುಪಿದ ಮೇಲೆ ಟೆಂಟಿನಿಂದ ಹೊರಗೇ ಬರಲಾಗಲಿಲ್ಲ. ಅವರು ಬಂದದ್ದೇ ಮಾರಾ ನೋಡಲು. ಅವತ್ತಿನಿಂದ ಎರಡು ಜಾಗಕ್ಕಿಂತ ಹೆಚ್ಚು ನಾನು ಹಾಕುವುದಿಲ್ಲ.

ನಿಮಗೆ ನಾನು ಹೇಳುವುದು: ಓಲ್ ಪೆಜೆಟಾ ಮೂರು ರಾತ್ರಿ, ಮಾರಾ ಮೂರು ರಾತ್ರಿ. ಸಾಧ್ಯವಾದರೆ ಇನ್ನೊಂದು ರಾತ್ರಿ ಮಾರಾಗೆ ಸೇರಿಸಿ. ನೈರೋಬಿಯಿಂದ ನನ್ಯುಕಿಗೆ ಸುಮಾರು 200 ಕಿಲೋಮೀಟರ್ ಒಳ್ಳೆಯ ರಸ್ತೆ, ನಾಲ್ಕು ಗಂಟೆ ಸಾಕು. ನನ್ಯುಕಿಯಿಂದ ಮಾರಾಗೆ ರಸ್ತೆಯಲ್ಲಿ ಪೂರ್ತಿ ಒಂದು ದಿನ ಬೇಕು, ಸಣ್ಣ ವಿಮಾನದಲ್ಲಿ ಬೆಳಗಿನ ಹೊತ್ತಲ್ಲೇ ತಲುಪಬಹುದು. ಬೇರೆ ಎಲ್ಲಾದರೂ ಉಳಿಸಿ ಈ ವಿಮಾನಕ್ಕೆ ಖರ್ಚು ಮಾಡಿ. ಅದರಲ್ಲಿ ತಲಾ 15 ಕಿಲೋ ಮಾತ್ರ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಗಟ್ಟಿ ಸೂಟ್‌ಕೇಸ್ ತೆಗೆದುಕೊಂಡು ಹೋಗಬೇಡಿ.

'ಬಿಗ್ ಫೈವ್ ಗ್ಯಾರಂಟಿ' ಮಾತನ್ನು ಒಪ್ಪಂದದಿಂದ ತೆಗೆಸಿಬಿಡಿ. ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ, ಈ ಐದರ ಪಟ್ಟಿ ಹಳೆಯ ಬೇಟೆಗಾರರದ್ದು. ನೆಲದ ಮೇಲೆ ನಿಂತು ಬೇಟೆಯಾಡಲು ಅಪಾಯಕಾರಿ ಅಂತ ಆರಿಸಿದ್ದು. ನಿಮ್ಮ ಗೈಡ್ ಈ ಗ್ಯಾರಂಟಿಯ ಒತ್ತಡದಲ್ಲಿದ್ದರೆ ಎಲ್ಲೂ ನಿಲ್ಲಿಸುವುದಿಲ್ಲ, ವೈರ್‌ಲೆಸ್ ಕೇಳುತ್ತಾ ಓಡಿಸುತ್ತಲೇ ಇರುತ್ತಾನೆ. ಮಾರಾದಲ್ಲಿ ಘೇಂಡಾಮೃಗ ಸಿಗುವುದು ಕಷ್ಟ. ಓಲ್ ಪೆಜೆಟಾದಲ್ಲಿ ಪೂರ್ವ ಆಫ್ರಿಕಾದಲ್ಲೇ ಹೆಚ್ಚು ಕಪ್ಪು ಘೇಂಡಾಮೃಗಗಳಿವೆ. ಚಿರತೆ ಎಲ್ಲಿ ಹೋದರೂ ಅದೃಷ್ಟ.

ಟೆಂಟಿನ ಬಗ್ಗೆ ಹೆದರಬೇಡಿ. ಅದು ಗಟ್ಟಿ ಕ್ಯಾನ್ವಾಸಿನ ಕೋಣೆ, ಒಳಗೇ ಬಚ್ಚಲುಮನೆ ಇರುತ್ತದೆ. ಆದರೆ ಹೆಚ್ಚಿನ ಕ್ಯಾಂಪುಗಳಿಗೆ ಬೇಲಿ ಇಲ್ಲ, ರಾತ್ರಿ ಆನೆ, ನೀರಾನೆ ಹತ್ತಿರ ಬರಬಹುದು. ನಿಯಮ ಒಂದೇ, ಅದನ್ನು ಮುರಿಯಲೇಬಾರದು: ಕತ್ತಲಾದ ಮೇಲೆ ಕಾವಲುಗಾರ ಇಲ್ಲದೆ ಒಂದು ಹೆಜ್ಜೆಯೂ ಹೊರಗೆ ಇಡಬೇಡಿ. ಅವರನ್ನು ಅಲ್ಲಿ ಆಸ್ಕಾರಿ ಅನ್ನುತ್ತಾರೆ. ಊಟಕ್ಕೆ ಕರೆದೊಯ್ಯುವುದೂ ಅವರೇ, ವಾಪಸ್ ಬಿಡುವುದೂ ಅವರೇ. ಚಕ್ಕುಲಿ, ಉಂಡೆ, ಹಣ್ಣು ಟೆಂಟಿನಲ್ಲಿ ಇಡಬೇಡಿ, ಕೋತಿಗಳು ಜಿಪ್ ತೆಗೆಯುವುದನ್ನು ಕಲಿತಿವೆ. ಏಳು ವರ್ಷದ ಮಗುವನ್ನು ಕೆಲವು ಕ್ಯಾಂಪುಗಳು ಸೇರಿಸಿಕೊಳ್ಳುವುದಿಲ್ಲ. ಇನ್ನು ಕೆಲವು ರಾತ್ರಿ ಸಫಾರಿಗೆ ಬಿಡುವುದಿಲ್ಲ. ಬುಕ್ ಮಾಡುವ ಮೊದಲೇ ಅವಳ ವಯಸ್ಸು ಹೇಳಿ.

ಊಟಕ್ಕೆ ತೊಂದರೆಯಿಲ್ಲ. ಗುಜರಾತಿಗಳು ತಲೆಮಾರುಗಳಿಂದ ಕೀನ್ಯಾದಲ್ಲಿದ್ದಾರೆ. ಚಪಾತಿ ಅಲ್ಲಿ ಚಪಾತಿಯೇ, ಚಹಾ ಚಾಯ್. ಉಗಾಲಿ ಅಂತ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಾಡುತ್ತಾರೆ, ಸುಕುಮಾ ಅನ್ನುವ ಸೊಪ್ಪಿನ ಪಲ್ಯದ ಜೊತೆ ತಿನ್ನಿ. ನಮ್ಮವರಿಗೆ ಹಿಡಿಸುತ್ತದೆ. ನಿಮ್ಮ ಶ್ರೀಮತಿಯವರ ವಿಷಯದಲ್ಲಿ ಮಾತ್ರ ಗಮನವಿರಲಿ. ಬೆಳಗಿನ ಸಫಾರಿ ಆರು ಗಂಟೆಗೆ ಹೊರಡುತ್ತದೆ, ತಿಂಡಿ ಆಮೇಲೆ. ಮಾತ್ರೆ ತೆಗೆದುಕೊಂಡು ಹೊಟ್ಟೆಗೆ ಏನೂ ಇಲ್ಲದೆ ಜೀಪ್ ಹತ್ತಬಾರದು. ತಿಂಡಿ ಕಟ್ಟಿಕೊಡಲು ಹಿಂದಿನ ರಾತ್ರಿಯೇ ಹೇಳಿ. ಔಷಧಿ ಪೂರ್ತಿ ಕೈಚೀಲದಲ್ಲಿರಲಿ. ವಿಮಾನದಲ್ಲಿ ನೈರೋಬಿ ಆಸ್ಪತ್ರೆಗೆ ಸಾಗಿಸುವ ಖರ್ಚನ್ನೂ ಕೊಡುವ ವಿಮೆ ಮಾಡಿಸಿ. ಅದು ಇಲ್ಲದೆ ನಾನು ಯಾರನ್ನೂ ಕರೆದೊಯ್ಯುವುದಿಲ್ಲ.

ಇಲ್ಲಿಂದ ಹೋಗುವವರು ಹೆಚ್ಚಾಗಿ ಎಡವುವುದು ಪ್ಲಾಸ್ಟಿಕ್ ಕವರಿನಲ್ಲಿ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ, ದಂಡ ದೊಡ್ಡದು. ತಿಂಡಿಯನ್ನು ಡಬ್ಬಿಗೆ, ಬಟ್ಟೆಚೀಲಕ್ಕೆ ಹಾಕಿ. ವೀಸಾ ಬದಲಿಗೆ 2024ರಿಂದ ಆನ್‌ಲೈನ್ ಇಟಿಎ (ಹೊರಡುವ ಮೊದಲೇ ಪಡೆಯಬೇಕಾದ ಪ್ರಯಾಣದ ಅನುಮತಿ) ಬಂದಿದೆ, ಮಗುವಿಗೂ ಮಾಡಿಸಿ. ಡ್ರೋನ್ ಬೇಡ, ಸೈನಿಕರ ಥರದ ಬಟ್ಟೆ ಬೇಡ. ಎಲ್ಲರಿಗೂ ಸ್ವೆಟರ್ ಇರಲಿ. ಓಲ್ ಪೆಜೆಟಾ ಭೂಮಧ್ಯರೇಖೆಯ ಮೇಲೆಯೇ ಇದ್ದರೂ ಎತ್ತರ ಸುಮಾರು 1,800 ಮೀಟರ್, ಬೆಳಗಿನ ಜೀಪಿನಲ್ಲಿ ಹಲ್ಲು ಕಟಕಟ ಅನ್ನುತ್ತವೆ.

ಇನ್ನು ಮೊಮ್ಮಗಳಿಗೆ. ಇಲ್ಲ ಮಗಳೇ, ಆಫ್ರಿಕಾದ ಕಾಡಿನಲ್ಲಿ ಹುಲಿ ಇಲ್ಲ. ಹುಲಿ ನಮ್ಮ ನಾಗರಹೊಳೆಯಲ್ಲೇ ಇದೆ. ಆದರೆ ಅಲ್ಲಿ ಆನೆಗಳನ್ನು ಸರಿಯಾಗಿ ನೋಡು. ನಮ್ಮ ಕಾಡಿನ ಹೆಣ್ಣಾನೆಗೆ ಉದ್ದನೆ ದಂತ ಇರುವುದಿಲ್ಲ, ಅಲ್ಲಿನ ಹೆಣ್ಣಾನೆಗಳಲ್ಲಿ ಹೆಚ್ಚಿನವಕ್ಕೆ ಇರುತ್ತದೆ. ಘೇಂಡಾಮೃಗದ ಮೂಗಿನ ಮೇಲೆ ಎಷ್ಟು ಕೊಂಬು ಅಂತ ಎಣಿಸು. ಕಾಜಿರಂಗದ್ದಕ್ಕೆ ಒಂದೇ. ಅಲ್ಲಿನದಕ್ಕೆ ಎಷ್ಟು ಅಂತ ಬಂದಮೇಲೆ ಅಜ್ಜನ ಕೈಲಿ ಬರೆಸಿ ನನಗೆ ಕಳಿಸು.